ಕೋಲ್ಕತ್ತಾದ ಜಾದೂಘರ್: ಮಮ್ಮಿಗಿಂತ ಮೊದಲು ಎತ್ತಿನ ಗಾಡಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಜಾದೂಘರ್ ಅಂದರೆ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂಗೆ ಸೋಮವಾರ ಹೋಗಬೇಡಿ. ನಾವು ಹೋಗಿದ್ದು ಸೋಮವಾರವೇ. ಉಳಿದುಕೊಂಡಿದ್ದ ಲಾಡ್ಜ್‌ನಲ್ಲಿ ಕೇಳಿದಾಗ "ತೆರೆದಿರುತ್ತೆ, ಹೋಗಿ" ಅಂದಿದ್ದರು. ನಂಬಿ ಹೋದೆವು. ಗೇಟಿಗೆ ಬೀಗ. ಎಪ್ಪತ್ತು ದಾಟಿದ ಅಮ್ಮ, ಒಂಬತ್ತು ವರ್ಷದ ಮಗಳು, ನಾನು, ನನ್ನ ಹೆಂಡತಿ, ನಾಲ್ಕೂ ಜನ ಫುಟ್‌ಪಾತ್ ಮೇಲೆ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಿಂತೆವು. ಇಂಡಿಯನ್ ಮ್ಯೂಸಿಯಂಗೆ ಸೋಮವಾರ ರಜೆ. ಹಬ್ಬದ ರಜೆಗಳೂ ಇರುತ್ತವೆ. ಹಾಗಾಗಿ ಸಮಯ ಮತ್ತು ಟಿಕೆಟ್ ದರವನ್ನು ಹೊರಡುವ ಹಿಂದಿನ ದಿನ ಮ್ಯೂಸಿಯಂನ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ.

ಹೌರಾದಲ್ಲಿ ರೈಲು ಇಳಿಯುವವರಿಗೆ ಈಗ ದಾರಿ ಸುಲಭ. ಸ್ಟೇಷನ್ನಿನಿಂದಲೇ ಮೆಟ್ರೊ ಹಿಡಿದು ಎಸ್ಪ್ಲನೇಡ್‌ನಲ್ಲಿ ಇಳಿಯಿರಿ. ಈ ಮೆಟ್ರೊ ಹೂಗ್ಲಿ ನದಿಯ ಅಡಿಯಲ್ಲೇ ಹೋಗುತ್ತದೆ. ಮಗಳು ಮೀನು ಕಾಣುತ್ತದೆ ಅಂತ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು, ಕಂಡಿದ್ದು ನೀಲಿ ಲೈಟು ಅಷ್ಟೇ. ಎಸ್ಪ್ಲನೇಡ್‌ನಲ್ಲಿ ಬ್ಲೂ ಲೈನ್‌ಗೆ ಬದಲಿಸಿ ದಕ್ಷಿಣಕ್ಕೆ ಹೋಗುವ ಗಾಡಿ ಹತ್ತಿದರೆ ಮುಂದಿನ ಸ್ಟಾಪೇ ಪಾರ್ಕ್ ಸ್ಟ್ರೀಟ್. ಭಾರತದಲ್ಲಿ ಮೆಟ್ರೊ ಓಡಾಟ ಶುರುವಾಗಿದ್ದೇ 1984ರಲ್ಲಿ, ಈ ತುಂಡು ದಾರಿಯಲ್ಲಿ. ಅಲ್ಲಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದು. ದಾರಿ ಕೇಳುವಾಗ "ಜಾದೂಘರ್" ಅನ್ನಿ, ಊರಿನವರು ಕರೆಯುವುದೇ ಹಾಗೆ.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಡೆನ್ಮಾರ್ಕ್‌ನ ಸಸ್ಯತಜ್ಞ ನಥಾನಿಯಲ್ ವಾಲಿಚ್ 1814ರಲ್ಲಿ ಇಲ್ಲಿನ ಏಷ್ಯಾಟಿಕ್ ಸೊಸೈಟಿ ಎಂಬ ವಿದ್ವಾಂಸರ ಸಂಘದಲ್ಲಿ ಶುರು ಮಾಡಿಸಿದ ಸಂಗ್ರಹ ಇದು. ಈಗಿನ ಬಿಳಿ ಕಟ್ಟಡ ಜನರಿಗೆ ತೆರೆದುಕೊಂಡಿದ್ದು 1878ರಲ್ಲಿ. ನಡುವೆ ದೊಡ್ಡ ಅಂಗಳ, ಸುತ್ತ ಕಂಬಗಳ ಜಗಲಿ, ನಮ್ಮ ತೊಟ್ಟಿಮನೆಯನ್ನು ನೂರು ಪಟ್ಟು ಹಿಗ್ಗಿಸಿದ ಹಾಗೆ. ಶಿಲ್ಪ, ಚಿತ್ರಕಲೆ, ಪ್ರಾಣಿ, ಗಿಡಮೂಲಿಕೆ, ಕಲ್ಲು, ಬುಡಕಟ್ಟು ಜನರ ಬದುಕು, ಎಲ್ಲವೂ ಒಂದೇ ಸೂರಿನಡಿ ಇದೆ.

ಬಂದವರಲ್ಲಿ ಸುಮಾರು ಜನ ಒಳಗೆ ಕಾಲಿಟ್ಟ ಕೂಡಲೇ "ಮಮ್ಮಿ ಎಲ್ಲಿ?" ಅಂತ ಕೇಳಿಕೊಂಡು ಅತ್ತ ಓಡುತ್ತಾರೆ. ಈಜಿಪ್ಟಿನ ಮಮ್ಮಿ ನೋಡಬೇಕಾದ್ದೇ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಎರಡು ನಿಮಿಷದಲ್ಲಿ ನೋಡಿ ಮುಗಿಸಬಹುದು. ಕಾಲು, ತಲೆ ಎರಡೂ ಚುರುಕಾಗಿರುವಾಗ ಮೊದಲು ನೆಲಮಹಡಿಯ ಭಾರ್ಹುತ್ ಗ್ಯಾಲರಿಗೆ ಹೋಗಿ.

ಭಾರ್ಹುತ್ ಇರುವುದು ಮಧ್ಯಪ್ರದೇಶದ ಸತ್ನಾ ಬಳಿ. ಅಲ್ಲಿ ಸುಮಾರು ಎರಡು ಸಾವಿರದ ನೂರು ವರ್ಷ ಹಿಂದಿನ ಬೌದ್ಧ ಸ್ತೂಪವಿತ್ತು. ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1873ರಲ್ಲಿ ಅದನ್ನು ಗುರುತಿಸುವ ಹೊತ್ತಿಗೆ ಸುತ್ತಲಿನ ಊರವರು ಇಟ್ಟಿಗೆ, ಕಲ್ಲು ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡಿದ್ದರು. ಉಳಿದಿದ್ದ ಕೆಂಪು ಮರಳುಗಲ್ಲಿನ ಕಟಾಂಜನ, ಒಂದು ದ್ವಾರ ಇಲ್ಲಿಗೆ ಬಂದವು.

ಅದರಲ್ಲಿ ಒಂದು ದುಂಡನೆಯ ಕೆತ್ತನೆ ಇದೆ. ತಪ್ಪಿಸಬೇಡಿ. ಎತ್ತಿನ ಗಾಡಿಯೊಂದು ನಿಂತಿದೆ, ನೊಗ ಮೇಲಕ್ಕೆ ಎದ್ದಿದೆ. ಬಿಚ್ಚಿದ ಎತ್ತುಗಳು ಪಕ್ಕದಲ್ಲಿ ಮಲಗಿವೆ. ಕೆಳಗೆ ಇಬ್ಬರು ಕೂತು ಚೌಕ ಚೌಕದ ಏನನ್ನೋ ನೆಲಕ್ಕೆ ಜೋಡಿಸುತ್ತಿದ್ದಾರೆ.

"ಟೈಲ್ಸ್ ಹಾಕ್ತಿದಾರಾ ಅಪ್ಪಾ?" ಅಂದಳು ಮಗಳು.

ಟೈಲ್ಸ್ ಅಲ್ಲ, ನಾಣ್ಯ. ಆಗಿನ ನಾಣ್ಯಗಳು ಚೌಕ ಇರುತ್ತಿದ್ದವು. ಜೇತ ಅನ್ನುವ ರಾಜಕುಮಾರನ ತೋಟವನ್ನು ಬುದ್ಧನಿಗೆ ಕೊಡಬೇಕೆಂದು ಅನಾಥಪಿಂಡಿಕ ಎಂಬ ವ್ಯಾಪಾರಿ ಕೇಳುತ್ತಾನೆ. ನೆಲ ತುಂಬ ಹೊನ್ನು ಹಾಸಿದರೆ ಕೊಡುತ್ತೇನೆ ಅನ್ನುತ್ತಾನೆ ಜೇತ. ಇವನು ಗಾಡಿಯಲ್ಲಿ ತಂದು ಹಾಸಿಯೇಬಿಡುತ್ತಾನೆ! ನಾನು ಕಥೆ ಹೇಳುತ್ತಿದ್ದೆ, ಅಮ್ಮ ಕೆತ್ತನೆಯ ನಡುವೆ ನಿಂತವನ ಕೈಯಲ್ಲಿದ್ದ ಗಿಂಡಿಯನ್ನೇ ನೋಡುತ್ತಿದ್ದರು. "ಧಾರೆ ಎರೀತಿದಾನೆ ಕಣೋ" ಅಂದರು. ಹೌದು, ನೀರು ಬಿಟ್ಟು ದಾನ ಕೊಡುತ್ತಿದ್ದಾನೆ. ನಾನು ಎರಡು ದಿನ ಓದಿಕೊಂಡು ಹೋಗಿದ್ದರೂ ಅಮ್ಮನ ಕಣ್ಣಿಗೆ ಬಿದ್ದದ್ದು ನನಗೆ ಬಿದ್ದಿರಲಿಲ್ಲ.

ಆ ಕೆತ್ತನೆಯ ಜೊತೆಗೇ ಬ್ರಾಹ್ಮಿ ಲಿಪಿಯ ಒಂದು ಸಾಲಿದೆ. ಕೋಟಿ ನಾಣ್ಯ ಹಾಸಿ ಖರೀದಿಸಿದ ಜೇತವನವನ್ನು, ಅಂದರೆ ಜೇತನ ತೋಟವನ್ನು, ಅನಾಥಪಿಂಡಿಕ ಕೊಡುತ್ತಾನೆ ಎಂಬ ಅರ್ಥದ್ದು. ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ, ಅಲ್ವಾ? ಬ್ರಾಹ್ಮಿಯಲ್ಲಿ "ಕ" ಅಂದರೆ ಕೂಡಿಸುವ ಚಿಹ್ನೆ, ಪ್ಲಸ್ ಇದ್ದ ಹಾಗೆ. ಮಕ್ಕಳಿಗೆ ಅಷ್ಟು ಹೇಳಿಕೊಟ್ಟರೆ ಸಾಕು, ಗ್ಯಾಲರಿ ತುಂಬ "ಕ" ಹುಡುಕುತ್ತಾ ಓಡಾಡುತ್ತಾರೆ. ನಮಗೆ ಇಲ್ಲೇ ಒಂದೂವರೆ ಗಂಟೆ ಆಯಿತು.

ಮಧ್ಯಾಹ್ನದ ನಂತರ ಪ್ರಾಣಿಗಳ ಕಡೆ ಹೋಗಿ. ಆನೆಯ ಅಸ್ಥಿಪಂಜರ, ತಿಮಿಂಗಿಲದ ದವಡೆ, ಗಾಜಿನ ಕಪಾಟುಗಳಲ್ಲಿ ಹುಲ್ಲು ತುಂಬಿದ ಹಳೇ ಪ್ರಾಣಿಗಳು. ಕೆಲವಕ್ಕೆ ಬಣ್ಣ ಮಾಸಿದೆ, ನಿಜ. ಕೆಲವು ಕಡೆ ವಿವರಣೆಯ ಚೀಟಿ ಓದಲಾಗದಷ್ಟು ಮಂಕಾಗಿತ್ತು. ಆದರೂ ಮಗಳಿಗೆ ಇಡೀ ಪ್ರವಾಸದಲ್ಲಿ ಇಷ್ಟವಾಗಿದ್ದು ಇದೇ. ಉಲ್ಕಾಶಿಲೆಗಳನ್ನೂ ನೋಡಿ. ಗಾಂಧಾರದ ಬುದ್ಧ, ಕಾಳಿಘಾಟ್ ಚಿತ್ರಗಳು ನಮ್ಮ ಪಾಲಿಗೆ ಸುಮ್ನೆ ಕಣ್ಣಾಡಿಸಿದ್ದಷ್ಟೇ. ಕಲೆಯಲ್ಲಿ ಆಸಕ್ತಿ ಇದ್ದವರು ಎರಡನೇ ದಿನ ಇಟ್ಟುಕೊಳ್ಳಿ.

ನಡಿಗೆ ಜಾಸ್ತಿ. ವಯಸ್ಸಾದವರಿದ್ದರೆ ಅಂಗಳದ ಜಗಲಿಯಲ್ಲಿ ಆಗಾಗ ಕೂರಿಸಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಬೇಸಿಗೆಯಲ್ಲಿ ಬೆವರಿಗೇ ಸುಸ್ತಾಗುತ್ತೀರಿ. ದೊಡ್ಡ ಬ್ಯಾಗು ರೂಮಿನಲ್ಲೇ ಬಿಟ್ಟು ಬನ್ನಿ.

ಹೊರಗೆ ಬಂದರೆ ಝಾಲ್‌ಮುಡಿ ಸಿಗುತ್ತದೆ, ನಮ್ಮ ಚುರುಮುರಿಯ ಅಣ್ಣ. ಅದಕ್ಕೆ ಹಸಿ ಸಾಸಿವೆ ಎಣ್ಣೆ ಹಾಕುತ್ತಾರೆ, ಘಾಟು ನೇರ ಮೂಗಿಗೆ ಹತ್ತುತ್ತದೆ. ಬೇಡದಿದ್ದರೆ ಮೊದಲೇ ಹೇಳಿ. ಅಮ್ಮ ಒಂದು ಮುಕ್ಕು ತಿಂದು ಪೊಟ್ಟಣ ನನ್ನ ಕೈಗೆ ಕೊಟ್ಟರು, ನಾನು ಎರಡೂ ಖಾಲಿ ಮಾಡಿದೆ.