ನಲವತ್ತರ ಹತ್ರ ಬಂದ್ಮೇಲೆ ಬೆಳಗ್ಗೆ ಯಾವ ಸ್ಟೇಷನ್?

ಹಿಟ್ಟು ಮೆತ್ಕೊಂಡಿರೋ ಕೈಯಲ್ಲಿ ಫೋನ್ ಮುಟ್ಟಕ್ಕಾಗಲ್ಲ, ಅದಕ್ಕೇ ನಮ್ಮನೆ ಅಡುಗೆಮನೇಲಿ ಇನ್ನೂ ರೇಡಿಯೋ ಉಳ್ಕೊಂಡಿರೋದು. ಚಪಾತಿ ಲಟ್ಟಿಸೋವಾಗ ಬೇಡದ ಹಾಡನ್ನ ಮುಂದಕ್ಕೆ ತಳ್ಳೋರು ಯಾರು ಹೇಳಿ? ಆರೂವರೆಗೆ ಯಾವ ಸ್ಟೇಷನ್ ಹಾಕ್ತೀನೋ ಡಬ್ಬಿ ಕಟ್ಟಿ ಮುಗಿಯೋವರೆಗೂ ಅದೇ ಗತಿ, ಹಾಗಾಗಿ ಆರಿಸೋದು ಸ್ವಲ್ಪ ಸೀರಿಯಸ್ ವಿಷಯನೇ.

ಮುಂಚೆ ಇದೊಂದು ಪ್ರಶ್ನೆನೇ ಆಗಿರ್ಲಿಲ್ಲ. 2001ರಲ್ಲಿ ಬೆಂಗಳೂರಲ್ಲಿ ರೇಡಿಯೋ ಸಿಟಿ ಶುರುವಾದಾಗ, ಇಡೀ ದೇಶಕ್ಕೇ ಮೊದಲ ಖಾಸಗಿ ಎಫ್‌ಎಂ ಅದು, ನಾನಿನ್ನೂ ಊರಲ್ಲಿ ಸ್ಕೂಲಿಗೆ ಹೋಗ್ತಿದ್ದೆ, ನಮಗೆ ಭದ್ರಾವತಿ ಆಕಾಶವಾಣಿ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ. ಕೆಲಸ ಸಿಕ್ಕಿ ಇಲ್ಲಿಗೆ ಬರೋ ಹೊತ್ತಿಗೆ ಮಿರ್ಚಿ, ಬಿಗ್, ರೆಡ್, ಫೀವರ್ ಎಲ್ಲಾ ಬಂದುಬಿಟ್ಟಿದ್ವು. ಇಯರ್‌ಫೋನ್ ವೈರೇ ಆಂಟೆನಾ, ಬಿಎಂಟಿಸಿ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ರೆ ಸಿಗ್ನಲ್ಲೂ ಸಿಕ್ತಿತ್ತು, ಮಿರ್ಚಿಯವ್ರ "ಸಖತ್ ಹಾಟ್ ಮಗಾ" ಕೇಳ್ಕೊಂಡು ಆಫೀಸ್ ತಲುಪಿದ್ದೇ ಗೊತ್ತಾಗ್ತಿರ್ಲಿಲ್ಲ.

ಈಗ ಅದೇ ಥರದ ಶೋ ಹಾಕಿದ್ರೆ ಆರ್‌ಜೆ "ನಿಮ್ ಎಕ್ಸ್ ಮದ್ವೆಗೆ ಕರೆದ್ರೆ ಹೋಗ್ತೀರಾ" ಅಂತ ಕೇಳ್ತಾರೆ. ಅಯ್ಯೋ, ಮೊದ್ಲು ನೆನೆಹಾಕಿರೋ ಕಾಳಿಗೆ ಏನ್ ಮಾಡ್ಲಿ ಅಂತ ಹೇಳಪ್ಪಾ. ನಾನು ಪಿಜಿಲಿದ್ದಾಗ ಹೊಸದಾಗಿ ಬಂದಿದ್ದ ಹಾಡುಗಳನ್ನ ಮೊನ್ನೆ ಒಂದು ಸ್ಟೇಷನ್‌ನಲ್ಲಿ "ರೆಟ್ರೋ" ಅಂತ ಹಾಕಿದ್ರು, ಅದಂತೂ ಸ್ವಲ್ಪ ಜಾಸ್ತಿನೇ ಆಯ್ತು.

ಹಾಗಂತ ಆರ್‌ಜೆಗಳನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ಖಾಸಗಿ ಎಫ್‌ಎಂನವ್ರು ಸ್ವಂತ ಸುದ್ದಿ ಓದೋ ಹಾಗಿಲ್ಲ, ಬೇಕಿದ್ರೆ ಆಕಾಶವಾಣಿ ವಾರ್ತೆನ ಹಾಗೇ ಎತ್ತಿ ಹಾಕ್ಬೇಕು ಅಷ್ಟೇ. ಟ್ರಾಫಿಕ್ಕು, ಮಳೆ, ಕ್ರಿಕೆಟ್ ಸ್ಕೋರ್, ಪರೀಕ್ಷೆ ರಿಸಲ್ಟು ಇವೆಲ್ಲಾ ರೂಲ್ಸ್ ಪ್ರಕಾರ ಸುದ್ದಿ ಲೆಕ್ಕಕ್ಕೆ ಬರಲ್ಲ, ಅದನ್ನ ಹೇಳ್ಬೋದು. ಊರಲ್ಲಿ ಏನಾಯ್ತು ಅಂತ ಬಾಯಿ ಬಿಡೋ ಹಾಗಿಲ್ಲ, ಆದ್ರೂ ಬೆಳಗ್ಗೆ ಹೊತ್ತು ನಾಲ್ಕು ಗಂಟೆ ಕಾಲ ಮಾತಾಡ್ತಾನೇ ಇರ್ಬೇಕು ಅಂದ್ರೆ ಎಕ್ಸ್ ಮದ್ವೆ ಬಿಟ್ಟು ಇನ್ನೇನು ಮಾತಾಡ್ತಾರೆ ಪಾಪ. ಸಿಲ್ಕ್ ಬೋರ್ಡಲ್ಲಿ ಜಾಮ್ ಅನ್ನೋದು ಸುದ್ದಿ ಅಲ್ಲ ಅನ್ನೋದನ್ನ ಮಾತ್ರ ಸರ್ಕಾರ ಸರಿಯಾಗೇ ಹೇಳಿದೆ.

ಸೋ ನಾನು ವಾಪಸ್ ಆಕಾಶವಾಣಿಗೆ ಬಂದೆ. ಅಪ್ಪನ ನೆನಪು ಗಿನಪು ಅಂತೆಲ್ಲಾ ಅಲ್ಲ (6:55ರ ಸಂಸ್ಕೃತ ವಾರ್ತೆಯ "ಪ್ರವಾಚಕಃ ಬಲದೇವಾನಂದಸಾಗರಃ" ಇವತ್ತಿಗೂ ಬಾಯಿಪಾಠ, ಆಮೇಲೆ ಏನು ಓದ್ತಿದ್ರು ಅಂತ ಒಂದಕ್ಷರ ಆಗ್ಲೂ ಅರ್ಥ ಆಗಿರ್ಲಿಲ್ಲ). ಅಲ್ಲಿ ಮಾತಾಡೋರು ನನ್ನಿಂದ ಏನೂ ಕೇಳಲ್ಲ, ಅಷ್ಟೇ ಕಾರಣ. ವಾಟ್ಸಾಪ್ ಮಾಡಿ ಅನ್ನಲ್ಲ, ಗಿಫ್ಟ್ ವೋಚರ್ ಗೆಲ್ಲಿ ಅನ್ನಲ್ಲ. ಚಿಂತನ ಬರತ್ತೆ, ಯಾರೋ ಮೇಷ್ಟ್ರು ಥರದವ್ರು ನಿಧಾನಕ್ಕೆ ಮಾತಾಡಿ ಮುಗಿಸ್ತಾರೆ, ಮುಗಿದ್ಮೇಲೆ ಒಂದು ಕ್ಷಣ ಏನೂ ಇರಲ್ಲ, ಆಮೇಲೆ ವಾರ್ತೆ. ಎಫ್‌ಎಂನಲ್ಲಿ ಆ ಒಂದು ಕ್ಷಣ ಖಾಲಿ ಬಿಟ್ರೆ ಕೆಲಸ ಹೋಗತ್ತೇನೋ.

ತೊಂದರೆನೂ ಇದೆ. ಮೀಡಿಯಂ ವೇವ್ 612ಕ್ಕೆ ಇಟ್ರೆ ಎಲ್‌ಇಡಿ ಬಲ್ಬು ಗುರ್ ಅನ್ಸತ್ತೆ, ಇನ್ವರ್ಟರ್ ಹತ್ರ ಇಡೋ ಹಾಗೇ ಇಲ್ಲ, ಚಟ್ನಿಗೆ ಮಿಕ್ಸಿ ಹಾಕಿದ್ರಂತೂ ಪ್ರದೇಶ ಸಮಾಚಾರನೂ ಅದ್ರ ಜೊತೆಗೇ ರುಬ್ಬಿ ಹೋಗತ್ತೆ. ಮಾವ ಹಾಲ್‌ನಲ್ಲಿ ನ್ಯೂಸ್‌ಆನ್‌ಏರ್ ಆಪ್‌ನಲ್ಲಿ ಕೇಳ್ತಾರೆ, ಅದು ಚೂರು ಲೇಟು, ನನಗೆ ಇಲ್ಲಿ ಬಂದು ಹೋದ ಸುದ್ದಿನೇ ಅಲ್ಲಿಂದ ಇನ್ನೊಂದ್ಸಲ ಬರತ್ತೆ. ಬೆಳಗಾವಿಲಿ ಮಳೆ ಅಂದ್ರೆ ನಮ್ಮನೇಲಿ ದಿನಾ ಎರಡೆರಡು ಸಲ ಮಳೆ.

ಕಾರಿನ ಕಥೆ ಬೇರೆ. ಹೊಸ ಸ್ಟೀರಿಯೋಲಿ ಮೀಡಿಯಂ ವೇವೇ ಇಲ್ಲ. ಸ್ಕೂಲ್ ಗೇಟ್ ತನಕ ಮಗಳು ಹೇಳಿದ ಸ್ಟೇಷನ್, ಅವಳು ಇಳಿದ್ಮೇಲೆ ಆಕಾಶವಾಣಿಯವ್ರದ್ದೇ ಎಫ್‌ಎಂ, 101.3 ಕನ್ನಡ ಕಾಮನಬಿಲ್ಲು. ಹಾಡುಗಳು ಹೆಚ್ಚುಕಮ್ಮಿ ಅವೇ, ಅದನ್ನ ಅವಳಿಗಿನ್ನೂ ಹೇಳಿಲ್ಲ.