ಆಟ ನೋಡದೆಯೂ ಯಾಶಿನ್ ಯಾಕೆ ನನಗಿಷ್ಟ?

ಫುಟ್‌ಬಾಲ್ ಹುಚ್ಚಿನ ಗೆಳೆಯರು ಸೇರಿದಾಗ, ನಿನ್ನ ಮೆಚ್ಚಿನ ಆಟಗಾರ ಯಾರು ಅಂತ ಕೇಳುವುದು ಇದ್ದದ್ದೇ. ನಾನು ಲೆವ್ ಯಾಶಿನ್ ಅನ್ನುತ್ತೇನೆ. ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ: "ನೀನು ಹುಟ್ಟೋಕೆ ಮೊದಲೇ ಆಟ ಬಿಟ್ಟವನು. ಅದೂ ಗೋಲ್‌ಕೀಪರ್. ಯಾಕೆ ಅವನೇ?" ಪ್ರತಿಸಲ ಅರ್ಧಂಬರ್ಧ ಹೇಳಿ ಸುಮ್ಮನಾಗುತ್ತಿದ್ದೆ. ಈ ಸಲ ಪೂರ್ತಿ ಹೇಳುತ್ತೇನೆ.

ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ ಪ್ರಶಸ್ತಿ ಇದುವರೆಗೆ ಒಬ್ಬನೇ ಒಬ್ಬ ಗೋಲ್‌ಕೀಪರ್‌ಗೆ ಸಿಕ್ಕಿದೆ. ಯಾಶಿನ್‌ಗೆ, 1963ರಲ್ಲಿ. ಹೆಚ್ಚಿನವರು ಅವನನ್ನು ನೆನೆಯುವುದು ಇದಕ್ಕೇ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹಿಂದಿನ ವರ್ಷ.

ಮೊದಲು ಅವನ ಹಿನ್ನೆಲೆ ಸ್ವಲ್ಪ. ಹುಟ್ಟಿದ್ದು 1929ರಲ್ಲಿ, ಮಾಸ್ಕೋದ ಕಾರ್ಮಿಕರ ಮನೆಯಲ್ಲಿ. ಯುದ್ಧ ಬಂತು. ಹದಿಮೂರರ ಹುಡುಗ ಫ್ಯಾಕ್ಟರಿಗೆ ದುಡಿಯಲು ಹೋದ. ಹದಿನೆಂಟರ ಹೊತ್ತಿಗೆ ಮನಸ್ಸು ಕುಸಿದುಬಿತ್ತು, ಕೆಲಸ ಬಿಟ್ಟ. ಆಮೇಲೆ ತಾನಾಗಿಯೇ ಸೇನೆಗೆ ಸೇರಿದ. ಅಲ್ಲಿ ಆಡುತ್ತಿದ್ದಾಗ ಡೈನಮೋ ಮಾಸ್ಕೋದವರ ಕಣ್ಣಿಗೆ ಬಿದ್ದ. ಕೊನೆಯವರೆಗೂ ಅದೊಂದೇ ಕ್ಲಬ್.

ಶುರು ಚೆನ್ನಾಗಿರಲಿಲ್ಲ. ಸ್ಟಾಲಿನ್‌ಗ್ರಾಡ್ ತಂಡದ ಜೊತೆ ಒಂದು ಸ್ನೇಹಪಂದ್ಯ. ಎದುರಾಳಿ ಗೋಲ್‌ಕೀಪರ್ ತನ್ನ ತುದಿಯಿಂದ ಜೋರಾಗಿ ಚೆಂಡು ಒದ್ದ. ಅದು ಇಡೀ ಮೈದಾನ ದಾಟಿ ಬಂತು. ಹಿಡಿಯಲು ಮುಂದೆ ಬಂದ ಯಾಶಿನ್ ತನ್ನದೇ ತಂಡದ ಡಿಫೆಂಡರ್‌ಗೆ ಡಿಕ್ಕಿ ಹೊಡೆದ. ಚೆಂಡು ಪುಟಿದು ಗೋಲಿನೊಳಗೆ ಹೋಯಿತು. ಮುಂದಿನ ಕೆಲವು ವರ್ಷ ಮುಖ್ಯ ತಂಡದಲ್ಲಿ ಜಾಗವೇ ಇಲ್ಲ, ಅಲೆಕ್ಸಿ ಖೋಮಿಚ್‌ನಂಥ ದೊಡ್ಡ ಹೆಸರಿನ ಗೋಲ್‌ಕೀಪರ್ ಅಲ್ಲಿದ್ದ. ಯಾಶಿನ್ ಐಸ್ ಹಾಕಿಯಲ್ಲಿ ಗೋಲ್ ಕಾಯ್ದ, 1953ರಲ್ಲಿ ಸೋವಿಯತ್ ಕಪ್ ಕೂಡ ಗೆದ್ದ.

ಆಮೇಲೆ ಫುಟ್‌ಬಾಲ್‌ಗೆ ಮರಳಿದವನು ಗೋಲ್ ಕಾಯುವ ರೀತಿಯನ್ನೇ ಬದಲಿಸಿದ. ಆಗಿನ ಗೋಲ್‌ಕೀಪರ್‌ಗಳು ಗೋಲಿನ ಗೆರೆ ಬಿಟ್ಟು ಕದಲುತ್ತಿದ್ದುದು ಕಡಿಮೆ. ಇವನು ಮುಂದೆ ನುಗ್ಗಿ ಬರುತ್ತಿದ್ದ. ಹಿಡಿಯಲಾಗದ ಚೆಂಡನ್ನು ಮುಷ್ಟಿಯಿಂದ ಗುದ್ದುತ್ತಿದ್ದ. ಡಿಫೆಂಡರ್‌ಗಳಿಗೆ ಎಲ್ಲಿ ನಿಲ್ಲಬೇಕು ಅಂತ ಕೂಗಿ ಕೂಗಿ ಹೇಳುತ್ತಿದ್ದ. ಹಿಡಿದ ಚೆಂಡನ್ನು ತಡಮಾಡದೆ ಕೈಯಿಂದಲೇ ದೂರ ಎಸೆದು ತಂಡದ ದಾಳಿ ಶುರು ಮಾಡುತ್ತಿದ್ದ. ಇವತ್ತು ಇದೆಲ್ಲ ಮಾಮೂಲು, ಅಲ್ವಾ? ಅವತ್ತು ಅಲ್ಲ. ಕಡುಬಣ್ಣದ ಜರ್ಸಿ, ಎಲ್ಲ ಕಡೆ ಚಾಚುವ ಕೈಗಳು. ಹಾಗಾಗಿ 'ಕಪ್ಪು ಜೇಡ' ಅನ್ನುವ ಹೆಸರು ಬಂತು.

1956ರ ಮೆಲ್ಬರ್ನ್ ಒಲಿಂಪಿಕ್ಸ್ ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ನಮ್ಮ ಭಾರತ ತಂಡ ಅಲ್ಲಿ ಸೆಮಿಫೈನಲ್ ಆಡಿತ್ತು, ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಯುಗೊಸ್ಲಾವಿಯ ನಮಗೆ 4 ಗೋಲು ಹೊಡೆದು 4-1ರಿಂದ ಗೆದ್ದಿತು. ಅದೇ ಯುಗೊಸ್ಲಾವಿಯಕ್ಕೆ ಫೈನಲ್‌ನಲ್ಲಿ ಯಾಶಿನ್ ಒಂದೇ ಒಂದು ಗೋಲನ್ನೂ ಬಿಡಲಿಲ್ಲ. ಸೋವಿಯತ್ 1-0ರಿಂದ ಚಿನ್ನ ಗೆದ್ದಿತು. 1960ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ಯುರೋಪಿಯನ್ ನೇಷನ್ಸ್ ಕಪ್ (ಈಗಿನ ಯೂರೋ) ಫೈನಲ್‌ನಲ್ಲೂ ಎದುರಿಗಿದ್ದದ್ದು ಯುಗೊಸ್ಲಾವಿಯವೇ. ಅದೂ ಗೆದ್ದದ್ದಾಯಿತು.

ಇನ್ನು 1962. ಚಿಲಿಯಲ್ಲಿ ವಿಶ್ವಕಪ್. ಕೊಲಂಬಿಯ ವಿರುದ್ಧ ಸೋವಿಯತ್ 4-1ರಿಂದ ಮುಂದಿತ್ತು. ಕೊಲಂಬಿಯದ ಮಾರ್ಕೋಸ್ ಕೋಲ್ ಮೈದಾನದ ಮೂಲೆಯಿಂದ ಕಾರ್ನರ್ ಒದ್ದ. ಚೆಂಡು ಕೆಳಗೇ ಬಂದು, ಹತ್ತಿರದ ಕಂಬದ ಬಳಿ ನಿಂತಿದ್ದ ಡಿಫೆಂಡರ್‌ನ ಪಕ್ಕದಲ್ಲೇ ನುಸುಳಿ, ಯಾರಿಗೂ ತಾಗದೆ ನೇರ ಗೋಲು. ಪುರುಷರ ವಿಶ್ವಕಪ್‌ನಲ್ಲಿ ಕಾರ್ನರ್‌ನಿಂದ ನೇರವಾಗಿ ಬಂದ ಗೋಲು ಇವತ್ತಿಗೂ ಅದೊಂದೇ. ಪಂದ್ಯ 4-4ಕ್ಕೆ ಮುಗಿಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ಚಿಲಿ ಎದುರು 2-1 ಸೋಲು.

ಊರಲ್ಲಿ ಜನ ಆ ಪಂದ್ಯಗಳನ್ನು ಟಿವಿಯಲ್ಲಿ ನೋಡಿರಲಿಲ್ಲ. ಪತ್ರಿಕೆಯಲ್ಲಿ ಓದಿ, ತಪ್ಪೆಲ್ಲ ಯಾಶಿನ್‌ದೇ ಅಂತ ತೀರ್ಮಾನ ಮಾಡಿಬಿಟ್ಟರು. ಮನೆಯ ಕಿಟಕಿ ಗಾಜಿಗೆ ಕಲ್ಲು ಬಿತ್ತು. ಮಾಸ್ಕೋದಲ್ಲಿ ಮೈದಾನಕ್ಕೆ ಇಳಿದರೆ ಸಿಳ್ಳೆ, ಕೂಗಾಟ. ಹನ್ನೊಬ್ಬರು ಆಡಿದ ಆಟಕ್ಕೆ ಒಬ್ಬನ ಮನೆಗೆ ಕಲ್ಲು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಆಗ ಅವನಿಗೆ 32 ವರ್ಷ. ಆಟವನ್ನೇ ಬಿಡುವ ಯೋಚನೆ ಮಾಡಿದ. ಸ್ವಲ್ಪ ದಿನ ಎಲ್ಲ ಬಿಟ್ಟು, ಇಷ್ಟದ ಕೆಲಸವಾದ ಮೀನು ಹಿಡಿಯಲು ಹೋದ.

ಮತ್ತೆ ಬಂದ. ಮರುವರ್ಷ ಅಕ್ಟೋಬರ್ 23ರಂದು ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ, ಬೇರೆ ಬೇರೆ ದೇಶದ ಆಟಗಾರರು ಸೇರಿದ ವಿಶ್ವ ತಂಡದ ಪಂದ್ಯ. ವಿಶ್ವ ತಂಡದ ಗೋಲನ್ನು ಮೊದಲರ್ಧ ಯಾಶಿನ್ ಕಾಯ್ದ, ಇಂಗ್ಲೆಂಡ್‌ನ ಜಿಮ್ಮಿ ಗ್ರೀವ್ಸ್ ಏನು ಮಾಡಿದರೂ ಚೆಂಡು ಒಳಗೆ ಹೋಗಲಿಲ್ಲ. ನವೆಂಬರ್‌ನಲ್ಲಿ ರೋಮ್‌ನಲ್ಲಿ ಇಟಲಿಯ ಸಾಂದ್ರೊ ಮತ್ಸೋಲ ಒದ್ದ ಪೆನಾಲ್ಟಿಯನ್ನೂ ತಡೆದ. ಡಿಸೆಂಬರ್‌ನಲ್ಲಿ ಬ್ಯಾಲನ್ ಡೋರ್. ಕಿಟಕಿ ಗಾಜು ಒಡೆದು ಎರಡು ವರ್ಷ ಕೂಡ ಆಗಿರಲಿಲ್ಲ.

ಗೋಲು ಹೊಡೆಯುವವನು ಹತ್ತು ಸಲ ತಪ್ಪಿಸಿ ಹನ್ನೊಂದನೇ ಸಲ ಹೊಡೆದರೆ ಹೀರೋ. ಕಾಯುವವನು ಹತ್ತು ಸಲ ಹಿಡಿದು ಒಂದು ಸಲ ಬಿಟ್ಟರೆ ಅದೇ ನೆನಪಲ್ಲಿ ಉಳಿಯುತ್ತದೆ. ಇದು ಗೊತ್ತಿದ್ದೂ, ಮೈಮೇಲೆ ಅನುಭವಿಸಿಯೂ, ಅವನು ಇನ್ನೂ ಏಳೆಂಟು ವರ್ಷ ಅದೇ ಜಾಗದಲ್ಲಿ ನಿಂತ. ನನ್ನ ಉತ್ತರ ಇಷ್ಟೇ.

ಕೊನೆಯ ವರ್ಷಗಳು ಕಷ್ಟದವು. ಒಂದು ಕಾಲನ್ನೇ ತೆಗೆಯಬೇಕಾಯಿತು. 1990ರ ಮಾರ್ಚ್ 20ರಂದು, ಅರವತ್ತು ವರ್ಷಕ್ಕೇ ತೀರಿಕೊಂಡ. ನಾನು ಮಾತ್ರ ಅವನನ್ನು ನೆನೆಯುವುದು 1971ರ ಮೇ 27ರ ಬೀಳ್ಕೊಡುಗೆ ಪಂದ್ಯದಿಂದ. ಮಾಸ್ಕೋದ ಲೆನಿನ್ ಸ್ಟೇಡಿಯಂ, ಲಕ್ಷ ಜನ, ಎದುರಿಗೆ ಯೂಸೇಬಿಯೊ, ಬಾಬಿ ಚಾರ್ಲ್ಟನ್ ಇದ್ದ ವಿಶ್ವ ತಂಡ. 41 ವರ್ಷದ ಯಾಶಿನ್ ದ್ವಿತೀಯಾರ್ಧದಲ್ಲಿ ಹೊರಬಂದ. ಒಂದು ಗೋಲನ್ನೂ ಬಿಟ್ಟಿರಲಿಲ್ಲ. ಕೈಗವಸು ಬಿಚ್ಚಿ, ತನ್ನ ಜಾಗಕ್ಕೆ ಬಂದ ಯುವ ಗೋಲ್‌ಕೀಪರ್ ವ್ಲಾದಿಮಿರ್ ಪಿಲ್ಗೂಯ್‌ನ ಕೈಗೆ ಕೊಟ್ಟ.