57ನೇ ವಯಸ್ಸಲ್ಲಿ ಮೂಗಿನ ಆಪರೇಷನ್ ಯಾಕೆ ಅಂತ ಕೇಳುವವರಿಗೆ

ಒಂದು ವರ್ಷದಿಂದ ಪುಣೆಯಲ್ಲಿ ನಾನು ಯಾವ ಕನ್ನಡದವರ ಮನೆಗೆ ಹೋದರೂ, ಅದು ಅರಿಶಿನ ಕುಂಕುಮವೇ ಇರಲಿ, ಸತ್ಯನಾರಾಯಣ ಪೂಜೆಯೇ ಇರಲಿ, ಊಟ ಮುಗಿದು ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ಯಾರಾದರೊಬ್ಬರು ನನ್ನ ಕೈ ಹಿಡಿದು ಅಡುಗೆಮನೆ ಕಡೆ ಕರೆದುಕೊಂಡು ಹೋಗುತ್ತಾರೆ. ದನಿ ತಗ್ಗಿಸುತ್ತಾರೆ. "ವೈನಿ, ಮೂಗಿನ ಆಪರೇಷನ್ ಮಾಡಿಸ್ಕೊಂಡ್ರಂತೆ, ಹೌದಾ? ಈ ವಯಸ್ಸಲ್ಲಿ ಮಾಡ್ತಾರಾ? ನಾನೂ ಮಾಡಿಸಬಹುದಾ?"

ಕೇಳುವವರೆಲ್ಲ 50 ದಾಟಿದವರು. ನಿಂತ ಕಾಲಲ್ಲಿ ಎರಡು ಮಾತು ಹೇಳಿ ಕಳಿಸಿದರೆ ಅವರಿಗೂ ಸಮಾಧಾನ ಇಲ್ಲ, ನನಗೂ ಇಲ್ಲ. ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮಾಡಿಸಬಹುದು. ಇಷ್ಟು ವಯಸ್ಸಿನ ಮೇಲೆ ಆಗುವುದಿಲ್ಲ ಅಂತ ಗೆರೆ ಏನೂ ಇಲ್ಲ. ಡಾಕ್ಟರ್ ನೋಡುವುದು ನಿಮ್ಮ ಹೃದಯ, ಬಿಪಿ, ಶುಗರ್, ನೀವು ನುಂಗುವ ಮಾತ್ರೆ. ಆದರೆ ಡಾಕ್ಟರ್ ಹತ್ತಿರ ಹೋಗುವ ಮೊದಲು ನೀವೇ ಕನ್ನಡಿ ಮುಂದೆ ನಿಂತು ಒಂದು ವಿಷಯ ತಿಳಿದುಕೊಳ್ಳಬೇಕು. ನಿಮಗೆ ಬೇಡವಾಗಿರುವುದು ಹುಟ್ಟಿನಿಂದ ಬಂದ ಮೂಗಾ, ಇಲ್ಲ ವಯಸ್ಸಿನ ಜೊತೆ ಬಂದ ಮೂಗಾ? ಇದು ಗೊತ್ತಾಗಲು ನನಗೆ ಹೆಚ್ಚುಕಡಿಮೆ ಎಂಟು ತಿಂಗಳು ಹಿಡಿಯಿತು.

ನನ್ನದು ಅಪ್ಪನ ಮೂಗು. ನಡುವೆ ಒಂದು ಗೂನು. ಧಾರವಾಡದ ಶಾಲೆಯಲ್ಲಿ ನನಗೆ ಗಿಣಿಮೂಗು ಅಂತಲೇ ಹೆಸರು. ಹೆಣ್ಣು ನೋಡಲು ಬಂದವರಲ್ಲಿ ಒಬ್ಬರು ಹಿರಿಯರು "ಹುಡುಗಿ ಲಕ್ಷಣವಾಗಿದ್ದಾಳೆ, ಮೂಗೊಂದು..." ಅಂತ ಹೇಳಿ ಅಲ್ಲಿಗೇ ನಿಲ್ಲಿಸಿ ಅವಲಕ್ಕಿ ತಟ್ಟೆ ಕೈಗೆತ್ತಿಕೊಂಡರು. ಆ ಅರ್ಧ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಗ ನನ್ನ ಕೈಯಲ್ಲಿ ದುಡ್ಡಿದ್ದಿದ್ದರೆ ಆ ಗೂನನ್ನು ಮರುದಿನವೇ ತೆಗೆಸುತ್ತಿದ್ದೆ. ಆಮೇಲೆ ಮದುವೆಯಾಗಿ ಪುಣೆಗೆ ಬಂದೆ, ಬ್ಯಾಂಕ್ ಕೆಲಸ, ಮಗಳು, ಅತ್ತೆಯವರ ಕಾಯಿಲೆ, ಇದರ ನಡುವೆ ಮೂಗಿನ ಯೋಚನೆಯೇ ಬರಲಿಲ್ಲ.

ಮತ್ತೆ ಬಂದದ್ದು 54ರ ಹೊತ್ತಿಗೆ. ಫೋಟೋಗಳಲ್ಲಿ ಮೂಗು ಉದ್ದ ಕಾಣತೊಡಗಿತು. ನಕ್ಕರೆ ತುದಿ ಮೇಲಿನ ತುಟಿಯ ಹತ್ತಿರಕ್ಕೆ ಇಳಿಯುತ್ತಿತ್ತು. ರಾತ್ರಿ ಎಡ ಹೊಳ್ಳೆ ಕಟ್ಟಿಕೊಂಡು ಬಾಯಿ ತೆರೆದು ಮಲಗುತ್ತಿದ್ದೆ, ಬೆಳಿಗ್ಗೆ ಗಂಟಲು ಒಣಗಿರುತ್ತಿತ್ತು. ಇಲ್ಲಿ ಪುಣೆಯ ಪರ್ವತಿ ಬೆಟ್ಟದ 103 ಮೆಟ್ಟಿಲನ್ನು ಮೊದಲು ಮಾತಾಡುತ್ತಲೇ ಹತ್ತುತ್ತಿದ್ದವಳು ಅರ್ಧದಲ್ಲಿ ನಿಂತು ಬಾಯಲ್ಲಿ ಉಸಿರು ಎಳೆಯುವಂತಾಯಿತು. ಎದೆಯ ತೊಂದರೆ ಅಂದುಕೊಂಡು ಹೃದಯದ ಡಾಕ್ಟರಿಗೂ ತೋರಿಸಿ ಬಂದೆ, ಅಲ್ಲಿ ಏನೂ ಇರಲಿಲ್ಲ.

ಪ್ಲಾಸ್ಟಿಕ್ ಸರ್ಜನ್ ಮೊದಲ ದಿನ ಮಾಡಿದ್ದು ಇಷ್ಟೇ. ಒಂದು ಬೆರಳಿನಿಂದ ನನ್ನ ಮೂಗಿನ ತುದಿಯನ್ನು ಸ್ವಲ್ಪ ಮೇಲೆತ್ತಿ "ಈಗ ಉಸಿರು ತಗೊಳ್ಳಿ" ಅಂದರು. ತಗೊಂಡೆ. ಎಷ್ಟೋ ವರ್ಷದಿಂದ ಮುಚ್ಚಿದ್ದ ಕಿಟಕಿ ತೆಗೆದ ಹಾಗಾಯಿತು. ನಂಬಿ, ಕಣ್ಣಲ್ಲಿ ನೀರು ಬಂತು.

ಆಮೇಲೆ ಬಿಡಿಸಿ ಹೇಳಿದರು. ಮೂಗಿನ ಮೇಲಿನ ಮೂರನೇ ಒಂದು ಭಾಗ ಮಾತ್ರ ಎಲುಬು, ಕೆಳಗಿನದ್ದೆಲ್ಲ ಕಾರ್ಟಿಲೇಜ್, ಅಂದರೆ ಕಿವಿಯಲ್ಲಿರುವಂಥ ಮೆದು ಎಲುಬು. ಆ ಕಾರ್ಟಿಲೇಜುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಕಟ್ಟುಗಳು ವಯಸ್ಸಾದಂತೆ ಸಡಿಲವಾಗುತ್ತವೆ, ಮೂಗಿನ ಕೆಳಗಿರುವ ಮೇಲ್ದವಡೆಯೂ ಸವೆಯುತ್ತದೆ, ಹಲ್ಲು ಹೋದವರಿಗೆ ಇನ್ನೂ ಜಾಸ್ತಿ. ಆಸರೆ ಹೋದ ಮೇಲೆ ತುದಿ ಇಳಿಯುತ್ತದೆ. ಅಜ್ಜಿಯಂದಿರ ಮೂಗು ಉದ್ದ ಕಾಣುವುದು ಇದಕ್ಕೇ. ನನಗೆ ಇದರ ಜೊತೆ ಮೂಗಿನ ನಡುಗೋಡೆಯೂ ಎಡಕ್ಕೆ ಸೊಟ್ಟಗಾಗಿತ್ತು, ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಮುಖ ಅಡಿಯಾಗಿ ಬಿದ್ದದ್ದರ ಗುರುತು ಇರಬೇಕು. ಒಂದೇ ಆಪರೇಷನ್ನಿನಲ್ಲಿ ಗೋಡೆ ನೆಟ್ಟಗೆ ಮಾಡಿ, ತುದಿ ಎತ್ತಿ, ಬೇಕಿದ್ದರೆ ಗೂನೂ ತೆಗೆಯಬಹುದು ಅಂದರು.

ಗೂನು ತೆಗೆಯಿರಿ ಅಂತಲೇ ಹೇಳಿ ಮನೆಗೆ ಬಂದೆ.

ಆ ಭಾನುವಾರ ಮಗಳು ಬಂದಿದ್ದಳು. ನಾನು ಹೀರೆಕಾಯಿ ಹೆರೆಯುತ್ತಾ ಖುಷಿಯಿಂದ ಎಲ್ಲ ಹೇಳುತ್ತಿದ್ದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ತನ್ನ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿದಳು. "ಅಮ್ಮ, ನನ್ನದೂ ಇದೇ ಮೂಗು ಅಲ್ವಾ. ಇಷ್ಟು ವರ್ಷ ನಿನಗೆ ಇದು ಕೆಟ್ಟದಾಗಿ ಕಾಣ್ತಿತ್ತಾ?"

ನನ್ನ ಕೈ ನಿಂತಿತು. ಅವಳ ಮುಖದಲ್ಲಿ ಆ ಮೂಗು ಎಷ್ಟು ಚೆಂದ ಅಂತ ನಾನು ಅವಳು ಹುಟ್ಟಿದ ದಿನದಿಂದ ಅಂದುಕೊಂಡು ಬಂದವಳು. ಅವಳ ಮುಖದಲ್ಲಿ ಚೆಂದ ಇದ್ದದ್ದು ನನ್ನ ಮುಖದಲ್ಲಿ ಹೇಗೆ ಕೆಟ್ಟದಾಯಿತು? ಏನು ಹೇಳಲೂ ತೋಚಲಿಲ್ಲ.

ಮುಂದಿನ ಸಲ ಡಾಕ್ಟರ್ ಕಂಪ್ಯೂಟರಿನಲ್ಲಿ ನನ್ನ ಪಕ್ಕದ ಮುಖದ ಫೋಟೋ ಹಾಕಿ, ಗೂನು ಇಟ್ಟು ಒಂದು, ತೆಗೆದು ಒಂದು ತೋರಿಸಿದರು. ತೆಗೆದದ್ದರಲ್ಲಿ ಯಾರೋ ಗುರುತಿಲ್ಲದ ಹೆಂಗಸು ಕೂತಿದ್ದಳು. ಚೆನ್ನಾಗಿಯೇ ಇದ್ದಳು, ಆದರೆ ನಮ್ಮ ಮನೆಯವಳಲ್ಲ. ಅಪ್ಪ ಹೋಗಿ ಒಂಬತ್ತು ವರ್ಷ, ಅವರ ಮುಖದಿಂದ ನನ್ನಲ್ಲಿ ಉಳಿದಿರುವುದು ಇದೊಂದೇ. ಗೂನು ಇರಲಿ, ತುದಿ ಮತ್ತು ಉಸಿರು ಸರಿ ಮಾಡಿಕೊಡಿ ಅಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ತುದಿ ಇಳಿದಾಗ ಗೂನು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದಂತೆ, ತುದಿ ಎತ್ತಿದರೆ ಅದು ತಾನಾಗಿಯೇ ತಗ್ಗಿದ ಹಾಗೆ ಕಾಣುತ್ತದಂತೆ. ಹಾಗೆಯೇ ಆಯಿತು ಕೂಡ.

"ಇದೆಲ್ಲ ಫಾರಿನ್ನಿನವರ ಚಟ" ಅಂತ ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ಬೇಜಾರು ಮಾಡಿಕೊಂಡಿದ್ದರು. ಅವರಿಗೆ ನಾನು ಹೇಳಿದ ಕಥೆ ಇದು. ಟಿಪ್ಪು ಸುಲ್ತಾನನ ಜೊತೆಗಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಾ ರೈತ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಒಂದು ವರ್ಷ ಹಾಗೇ ಇದ್ದ. ಆಮೇಲೆ ಇದೇ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಮಾತ್ರ ಹಾಗೇ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದ. ಇದರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಚಿತ್ರದ ಸಮೇತ ಬಂತು. ಕಾರ್ಪ್ಯೂ ಎಂಬ ಇಂಗ್ಲಿಷ್ ಸರ್ಜನ್ ಅದೇ ರೀತಿ ಅಲ್ಲಿ ಮಾಡಿದ್ದು 1814ರಲ್ಲಿ. ಶ್ರೀರಂಗಪಟ್ಟಣದ ಯುದ್ಧದಲ್ಲಿ ಹೋದ ಮೂಗು ಪುಣೆಯಲ್ಲಿ ವಾಪಸ್ ಸಿಕ್ಕಿತು! ಕನ್ನಡ ನಾಡಿನಿಂದ ಬಂದು ಪುಣೆಯಲ್ಲಿ ಮೂಗು ಸರಿ ಮಾಡಿಸಿಕೊಂಡ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು.

ಈಗ ನೀವು ನಿಜವಾಗಿ ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. 25ರ ಹುಡುಗಿಗೂ ನಮಗೂ ವ್ಯತ್ಯಾಸ ಇದೆ. ನಮ್ಮ ಎಲುಬು ಬೇಗ ಬಿರಿಯುತ್ತದೆ, ಗಾಯ ನಿಧಾನಕ್ಕೆ ಮಾಯುತ್ತದೆ, ಬಾವು ಹೆಚ್ಚು ದಿನ ನಿಲ್ಲುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಲೇಬಾರದು. ಅದನ್ನು ಬರೆದುಕೊಟ್ಟ ಡಾಕ್ಟರೂ ಸರ್ಜನ್ನೂ ಮಾತಾಡಿಕೊಂಡು ಹೇಳಬೇಕು. ಮೀನೆಣ್ಣೆ ಗುಳಿಗೆ, ಆಯುರ್ವೇದದ ಪುಡಿ, ಏನೇ ತಗೊಳ್ಳುತ್ತಿದ್ದರೂ ಮುಚ್ಚಿಡಬೇಡಿ, ಕೆಲವದರಿಂದ ರಕ್ತ ಜಾಸ್ತಿ ಹೋಗುತ್ತದೆ. ನನಗೆ ಶುಗರ್ ಇದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ, ಇದು ಇಳಿಯುವ ತನಕ ತಾರೀಕು ಕೊಡುವುದಿಲ್ಲ ಅಂದರು. ಅದಕ್ಕೇ ನಾಲ್ಕು ತಿಂಗಳು ತಡವಾಯಿತು. ತಡವಾಗಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಮಗಳು ಆ ಮಾತು ಕೇಳಿದ್ದು ಆ ನಾಲ್ಕು ತಿಂಗಳಲ್ಲಿಯೇ.

ಎಂಸಿಎಚ್ ಅಥವಾ ಡಿಎನ್‌ಬಿ ಎಂಬ ಮೇಲಿನ ಡಿಗ್ರಿ ಮಾಡಿದ ಪ್ಲಾಸ್ಟಿಕ್ ಸರ್ಜನ್, ಇಲ್ಲವೇ ಮೂಗಿನ ಕೆಲಸವನ್ನೇ ಹೆಚ್ಚು ಮಾಡುವ ಇಎನ್‌ಟಿ ಸರ್ಜನ್ ಹತ್ತಿರವೇ ಹೋಗಿ. ಬ್ಯೂಟಿ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷದ ಫಿಲ್ಲರ್ (ಚರ್ಮದ ಕೆಳಗೆ ತುಂಬುವ ಜೆಲ್) ಇಂಜೆಕ್ಷನ್ ಅಂತ ಆಸೆ ತೋರಿಸುತ್ತಾರೆ. ಮೂಗಿನಲ್ಲಿ ಅದು ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ದುಡ್ಡಿನ ಲೆಕ್ಕವನ್ನೂ ಮೊದಲೇ ಕೇಳಿಕೊಳ್ಳಿ. ಅಂದಕ್ಕಾಗಿ ಮಾಡಿಸುವುದಕ್ಕೆ ಹೆಲ್ತ್ ಇನ್ಶೂರೆನ್ಸ್ ಕೊಡುವುದಿಲ್ಲ, ಮೇಲೆ ಜಿಎಸ್‌ಟಿ ಬೀಳುತ್ತದೆ. ನನಗೆ ನಡುಗೋಡೆಯ ಭಾಗಕ್ಕೆ ಮಾತ್ರ ಕ್ಲೇಮ್ ಸಿಕ್ಕಿತು, ಅದೂ ಮೂರು ಸಲ ಕಾಗದ ಕಳಿಸಿದ ಮೇಲೆ.

ನೋವು ನಾನು ಹೆದರಿದಷ್ಟು ಇರಲಿಲ್ಲ. ಕಷ್ಟ ಆಗಿದ್ದು ಮೊದಲ ವಾರ ಬಾಯಲ್ಲೇ ಉಸಿರಾಡುವುದು, ಎರಡು ದಿಂಬು ಇಟ್ಟು ಅಂಗಾತ ಮಲಗುವುದು, ಮೂಗು ಸೀಟದೆ ಇರುವುದು. ಕಣ್ಣಿನ ಸುತ್ತ ಬದನೆಕಾಯಿ ಬಣ್ಣ. ಹಾಲಿನವನು ಬಾಗಿಲಲ್ಲಿ ನೋಡಿ "ಕಾಯ್ ಝಾಲಂ ಕಾಕೂ?" (ಏನಾಯ್ತು ಕಾಕು?) ಅಂತ ಗಾಬರಿಯಾದ. ಎಂಟನೇ ದಿನ ಪಟ್ಟಿ ಬಿಚ್ಚಿದರು. ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು ಅಂತ ಆರು ವಾರ ಅದನ್ನು ಹಣೆಗೆ ಟೇಪ್ ಹಚ್ಚಿ ತೂಗುಹಾಕಿಕೊಂಡು ಓದಿದೆ. ಮೂಗುಬೊಟ್ಟು ಎರಡು ತಿಂಗಳು ಡಬ್ಬಿಯಲ್ಲಿತ್ತು. ಕೆಲವು ವಾರ ವಾಸನೆ ಸರಿಯಾಗಿ ತಿಳಿಯುತ್ತಿರಲಿಲ್ಲ, ಒಂದು ಬೆಳಿಗ್ಗೆ ಪಕ್ಕದ ಮನೆಯ ಇಂಗಿನ ಒಗ್ಗರಣೆ ಗಮ್ಮಂತ ಬಂದಾಗ ಗ್ಯಾಲರಿಯಲ್ಲಿ ಸುಮ್ನೆ ನಿಂತುಬಿಟ್ಟೆ. ತುದಿ ತಿಂಗಳುಗಟ್ಟಲೆ ಜೋಮು ಹಿಡಿದಂತಿತ್ತು. ಬಾವು ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯಿತು.

ಅದಕ್ಕೇ, ಎರಡು ತಿಂಗಳಲ್ಲಿ ಮಗನ ಮದುವೆ ಇದೆ, ಫೋಟೋಕ್ಕೆ ಚೆನ್ನಾಗಿ ಕಾಣಬೇಕು ಅಂತ ಕೇಳಿದವರಿಗೆ ಈಗ ಬೇಡ ಅಂದೆ. ಗಂಡ ಯಾವಾಗಲೂ ಮೂಗು ಆಡಿಕೊಳ್ಳುತ್ತಾರೆ ಅಂತ ಕಣ್ಣೀರು ಹಾಕಿದ ಇನ್ನೊಬ್ಬರಿಗೂ ಬೇಡ ಅಂದೆ. ಅವರ ಮೂಗಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ, ಅದನ್ನೂ ಹೇಳಿದೆ.

ಉಳಿದವರು, ಕನ್ನಡಿ ಮುಂದೆ ನಿಂತು ತುದಿಯನ್ನು ಒಂದು ಬೆರಳಿನಿಂದ ಎತ್ತಿ ಉಸಿರು ಎಳೆದು ನೋಡಿ. ವ್ಯತ್ಯಾಸ ಗೊತ್ತಾದರೆ ನನಗೆ ಫೋನ್ ಮಾಡಿ, ಮೊದಲ ಸಲ ಡಾಕ್ಟರ್ ಹತ್ತಿರ ನಾನೇ ಜೊತೆಗೆ ಬರುತ್ತೇನೆ. ನಿಮ್ಮ ಹಳೆಯ ಫೋಟೋ ಒಂದೆರಡು ತನ್ನಿ, 30ರ ವಯಸ್ಸಿನದ್ದಾದರೆ ಒಳ್ಳೆಯದು. ಮಾತ್ರೆಗಳನ್ನು ಬಾಯಲ್ಲಿ ಹೇಳಲು ಹೋಗಬೇಡಿ, ಸ್ಟ್ರಿಪ್ ಸಮೇತ ಚೀಲಕ್ಕೆ ಹಾಕಿಕೊಂಡು ಬನ್ನಿ.